ಖಾಲಿ ಜಾಗಕ್ಕೊಂದು ಗುರುತು

ತ್ರಿಕೋನವೊಂದನ್ನು ತೋರಿಸಿ "ಇದೇನು ಸರ್?" ಅಂತ ಕೇಳಿದೆ. ಕ್ಯಾಪ್ಟನ್ ಯೋಚಿಸಲೇ ಇಲ್ಲ. "ಎನ್‌ಡಿಬಿ" ಅಂದುಬಿಟ್ಟರು.

ಅದು ಎನ್‌ಡಿಬಿ ಆಗಿರಲಿಲ್ಲ. ಎನ್‌ಡಿಬಿ ಅಂದರೆ ನೆಲದ ಮೇಲೆ ನಿಜವಾಗಿ ನಿಂತಿರುವ ರೇಡಿಯೊ ಬೀಕನ್. ಬೇಕಾದರೆ ಹೋಗಿ ಮುಟ್ಟಿ ಬರಬಹುದು. ನಾನು ತೋರಿಸಿದ್ದು ಫಿಕ್ಸ್. ಅದು ನಕ್ಷೆಯಲ್ಲಿ ಮಾತ್ರ ಇರುವ ಬಿಂದು. ಇಂಥ ಅಕ್ಷಾಂಶ, ಇಂಥ ರೇಖಾಂಶ ಅಂತ ಗೊತ್ತುಮಾಡಿ ಐದಕ್ಷರದ ಒಂದು ಹೆಸರಿಟ್ಟಿರುತ್ತಾರೆ, ಅಷ್ಟೆ. ಅಲ್ಲಿಗೆ ಹೋದರೆ ಗಾಳಿ ಬಿಟ್ಟು ಬೇರೇನೂ ಸಿಗಲ್ಲ.

"ಲೆಜೆಂಡ್‌ನಲ್ಲಿ ಬರ್ದಿದೆಯಲ್ಲ ಸರ್" ಅಂದೆ. ನಗ್ತಾನೇ ಅಂದೆ. ಆದರೆ ಆ ನಗುವಿನಲ್ಲಿ ಒಂಚೂರು ಕೊಬ್ಬಿತ್ತು ಅನ್ನೋದು ಈಗ ಗೊತ್ತಾಗ್ತಿದೆ.

ಅವರೂ ನಕ್ಕರು. "ರಾತ್ರಿ ಎರಡು ಗಂಟೆ. ಮಳೆ. ಕಂಟ್ರೋಲರ್ ಕೊನೇ ಗಳಿಗೇಲಿ ಬೇರೆ ರನ್‌ವೇ ಕೊಟ್ಟಿದ್ದಾನೆ. ಆಗ ಲೆಜೆಂಡ್ ತೆಗೆದು ನೋಡ್ಲೇನಮ್ಮಾ?"

ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡವೊಂದರಲ್ಲಿ ನನ್ನ ಕೆಲಸ. ಅದಕ್ಕೆ ಮೊದಲು ಮನೆಗೆ ಊಟ ತಂದುಕೊಡುವ ಆ್ಯಪ್ ಒಂದಕ್ಕೆ ಸ್ಕ್ರೀನ್ ಮಾಡ್ತಿದ್ದೆ. ಅಲ್ಲಿ ತಪ್ಪಾದರೆ ಯಾರಿಗೋ ಪನೀರ್ ಬದಲು ಚಿಕನ್ ಹೋಗ್ತಿತ್ತು. ಈಗ ಪೈಲಟ್‌ಗಳು ಟ್ಯಾಬ್ಲೆಟ್‌ನಲ್ಲಿ ನೋಡುವ ನಕ್ಷೆಗಳ ಮೇಲೆ ಚಿಹ್ನೆ ಕೂರಿಸೋದು ನನ್ನ ಪಾಲಿನ ಕೆಲಸ. ಕ್ಯಾಪ್ಟನ್ ನಿವೃತ್ತರು. ತಿಂಗಳಿಗೆರಡು ಸಲ ಬಂದು ನಮ್ಮ ಸ್ಕ್ರೀನುಗಳನ್ನು ಪರೀಕ್ಷಿಸಿ, ಕಾಫಿ ಮೆಷಿನ್ನಿನ ಕಾಫಿಯನ್ನು ಬೈದು ಹೋಗ್ತಾರೆ.

ಅವರು ಹೋದ ಮೇಲೆ ಆ ತ್ರಿಕೋನದ ಟಿಕೆಟ್ಟನ್ನು ನಾನೇ ಮುಚ್ಚಿದೆ. ಷರಾ: ವರ್ಕ್ಸ್ ಆ್ಯಸ್ ಡಿಸೈನ್ಡ್. ಐಟಿಯಲ್ಲಿ ಇರೋರಿಗೆ ಈ ಮೂರು ಪದಗಳ ಸುಖ ಹೇಳಿಕೊಡಬೇಕಾಗಿಲ್ಲ. ನಾನು ಮಾಡಿದ್ದು ಸರಿ, ನೀನು ನೋಡಿದ್ದು ತಪ್ಪು. ಶುಕ್ರವಾರ ಸಂಜೆ ನೆಮ್ಮದಿಯಾಗಿ ಮನೆಗೆ ಹೋಗಬಹುದು.

ಕ್ಯಾಪ್ಟನ್‌ಗೆ ತ್ರಿಕೋನ ಯಾಕೆ ಎನ್‌ಡಿಬಿ ಅನಿಸಿತು ಅನ್ನೋದು ಆಮೇಲೆ ಗೊತ್ತಾಯಿತು. ಅವರು ವರ್ಷಗಟ್ಟಲೆ ಏರ್‌ಬಸ್ ಹಾರಿಸಿದವರು. ಏರ್‌ಬಸ್‌ನ ನ್ಯಾವಿಗೇಶನ್ ಡಿಸ್‌ಪ್ಲೇನಲ್ಲಿ ತ್ರಿಕೋನ ಅಂದರೆ ಎನ್‌ಡಿಬಿ, ವೇಪಾಯಿಂಟ್ ಅಂದರೆ ವಜ್ರಾಕೃತಿ, ವಿಮಾನ ನಿಲ್ದಾಣ ಅಂದರೆ ನಕ್ಷತ್ರದಂಥ ಗುರುತು. ಬೋಯಿಂಗ್‌ಗೆ ಬಂದರೆ ವಿಮಾನ ನಿಲ್ದಾಣಕ್ಕೆ ವೃತ್ತ, ಮುಂದೆ ಹೋಗಬೇಕಾದ ವೇಪಾಯಿಂಟಿಗೆ ನಾಲ್ಕು ಮೂಲೆಯ ನಕ್ಷತ್ರ, ದಾರಿಯಲ್ಲಿ ಇಲ್ಲದ ವೇಪಾಯಿಂಟಿಗೆ ತ್ರಿಕೋನ. ಒಬ್ಬರ ನಕ್ಷತ್ರದ ಮೇಲೆ ಇಳಿಯಬಹುದು, ಇನ್ನೊಬ್ಬರ ನಕ್ಷತ್ರದ ಮೇಲೆ ತಿರುಗಿಕೊಂಡು ಹೋಗಬೇಕು! ಕಾಗದದ ನಕ್ಷೆಗಳಿಗೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಅನುಬಂಧ 4 ಇದೆ. ವಿಒಆರ್ ಬೀಕನ್‌ಗೆ ಷಟ್ಕೋನ, ಎನ್‌ಡಿಬಿಗೆ ಚುಕ್ಕಿಗಳ ಉಂಗುರ, ಕಡ್ಡಾಯವಾಗಿ ವರದಿ ಮಾಡಬೇಕಾದ ಬಿಂದುವಿಗೆ ತುಂಬಿದ ತ್ರಿಕೋನ, ಕೇಳಿದರೆ ಮಾತ್ರ ವರದಿ ಮಾಡಬೇಕಾದದ್ದಕ್ಕೆ ಬರೀ ಗೆರೆಯ ತ್ರಿಕೋನ. ನಾನು ಇದನ್ನೇ ಅನುಸರಿಸಿದ್ದೆ. ಹಾಗಾಗಿ ನನ್ನ ಕೈಯಲ್ಲಿ ಪುಸ್ತಕ ಇತ್ತು. ಅವರ ಕೈಯಲ್ಲಿ ಇದ್ದದ್ದು ಅಭ್ಯಾಸ.

ಮಜಾ ಅಂದರೆ ಈ ನಕ್ಷೆಗಳ ವ್ಯಾಪಾರ ಶುರು ಮಾಡಿದವನಿಗೆ ಈ ಜಗಳವೇ ಇರಲಿಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ಅಂಚೆ ಮೂಟೆ ಹೊತ್ತು ಹಾರುತ್ತಿದ್ದ ಎಲ್‌ರೇ ಜೆಪ್ಪೆಸನ್ ಕಪ್ಪು ರಟ್ಟಿನ ಪುಟ್ಟ ನೋಟ್‌ಬುಕ್ ಇಟ್ಟುಕೊಂಡು, ಯಾವ ಗುಡ್ಡ ಎಷ್ಟೆತ್ತರ, ಇಳಿಯೋ ಮೈದಾನ ಯಾವ ಕಡೆಗಿದೆ ಅಂತ ಬರ್ಕೊಳ್ತಿದ್ದ. ಬೇರೆ ಪೈಲಟ್‌ಗಳು ಕೇಳೋಕೆ ಶುರುಮಾಡಿದಾಗ ಪ್ರತಿ ತೆಗೆದು 10 ಡಾಲರಿಗೆ ಮಾರಿದ. ಬರೆದವನೂ ಅವನೇ, ರಾತ್ರಿ ಅದನ್ನು ನಂಬಿ ಹಾರುವವನೂ ಅವನೇ. ನಾನು ಸೀಟ್ ಬೆಲ್ಟ್ ಹಾಕ್ಕೊಂಡು ಕಿಟಕಿ ಪಕ್ಕ ಕೂತದ್ದು ಬಿಟ್ಟರೆ ವಿಮಾನದ ಬಗ್ಗೆ ನನಗಿರೋ ಅನುಭವ ಸೊನ್ನೆ.

ಟಿಕೆಟ್ ಮುಚ್ಚಿದ ಎರಡು ವಾರಕ್ಕೆ ಅರಸೀಕೆರೆಯಿಂದ ಅಪ್ಪನ ಫೋನ್ ಬಂತು. ಮನೆಯ ಹಳೇ ಗ್ರೈಂಡರ್ ಮಾರೋಕೆ ಹಾಕಿದ್ದರು. ಯಾರೋ ಫೋನ್ ಮಾಡಿ "ಸಾರ್, ಅಡ್ವಾನ್ಸ್ ಕಳಿಸ್ತೀನಿ, ಬಂದಿರೋದನ್ನ ಒತ್ತಿ ತಗೊಳ್ಳಿ" ಅಂದನಂತೆ. ಅಪ್ಪ ಒತ್ತಿದರು, ಪಿನ್ ಹಾಕಿದರು, 4,500 ರೂಪಾಯಿ ಹೋಯಿತು. ಅವನು ಕಳಿಸಿದ್ದು ದುಡ್ಡಲ್ಲ, ದುಡ್ಡು ಕೊಡಿ ಅನ್ನೋ ಕೋರಿಕೆ.

"ಪಿನ್ ಹಾಕಿದ್ರೆ ನಿಮ್ಮ ಅಕೌಂಟಿಂದ ಹೋಗತ್ತೆ ಅಂತ ಅದ್ರಲ್ಲೇ ಬರ್ದಿರತ್ತಲ್ಲ ಅಪ್ಪ. ನೋಡಿ ಒತ್ತಬೇಕಲ್ವಾ?"

"ಬರ್ದಿತ್ತು ಪುಟ್ಟಿ. ಆದ್ರೆ ಬಾಣ ನನ್ನ ಕಡೆ ಇತ್ತು."

ಫೋನ್ ಇಟ್ಟ ಮೇಲೆ ಆ ಆ್ಯಪ್ ತೆಗೆದು ನೋಡಿದೆ. ನಿಜ, ಬಾಣವಿತ್ತು. ಕೋರಿಕೆ ನಿಮ್ಮ ಕಡೆ ಬಂದಿದೆ ಅಂತ ಹೇಳೋಕೆ ಯಾರೋ ನನ್ನಂಥವಳೇ ಕೂತು ಬರೆದ ಬಾಣ. ಕೋರಿಕೆ ಬಂದಿರೋದು ಸತ್ಯ, ಹಾಗಾಗಿ ಬಾಣವೂ ಸತ್ಯ. ಮೂವತ್ತು ವರ್ಷ ಮಕ್ಕಳಿಗೆ ಉಕ್ತಲೇಖನ ಕೊಟ್ಟ ಮೇಷ್ಟ್ರಿಗೆ "ಓದೋಕೆ ಬರಲ್ವಾ" ಅನ್ನೋ ಥರದ ಮಾತು ಆಡಿದ್ದೆ. ಅವರೇನೂ ಬೇಜಾರು ಮಾಡ್ಕೊಳ್ಳಲಿಲ್ಲ. ಆದರೆ ಅವತ್ತಿಂದ ದುಡ್ಡು ಕಳಿಸೋದಿದ್ದರೆ ಪಕ್ಕದ ಮನೆ ಹುಡುಗನ್ನ ಕರೀತಾರೆ. ನನಗೆ ಅದು 4,500ಕ್ಕಿಂತ ದೊಡ್ಡ ನಷ್ಟವಾಗಿ ಕಾಣತ್ತೆ.

ಆ ವಾರವೇ ನಾನು ಹಳೇ ಅಪಘಾತಗಳನ್ನು ಓದೋಕೆ ಕೂತದ್ದು.

1964ರ ನವೆಂಬರ್ 15ರ ರಾತ್ರಿ. ಬೊನಾಂಜಾ ಏರ್‌ಲೈನ್ಸ್‌ನ ವಿಮಾನವೊಂದು ಫೀನಿಕ್ಸ್‌ನಿಂದ ಲಾಸ್ ವೇಗಸ್‌ಗೆ ಹೊರಟಿತ್ತು. ಹಿಮ ಬೀಳುತ್ತಿತ್ತು. ನಿಲ್ದಾಣಕ್ಕೆ ಇನ್ನೂ ಸುಮಾರು ಹತ್ತು ಮೈಲಿ ಇರುವಾಗಲೇ ತೀರಾ ಕೆಳಗಿಳಿದು ಗುಡ್ಡಕ್ಕೆ ಬಡಿಯಿತು. 29 ಮಂದಿ ಇದ್ದರು, ಒಬ್ಬರೂ ಉಳಿಯಲಿಲ್ಲ. ಕ್ಯಾಪ್ಟನ್ ಅಪ್ರೋಚ್ ಚಾರ್ಟನ್ನು ತಪ್ಪಾಗಿ ಅರ್ಥ ಮಾಡಿಕೊಂಡು ಬೇಗ ಇಳಿದರು ಅಂತ ತನಿಖೆ ಹೇಳಿತು. ಅಂದರೆ, ನಮ್ಮ ಭಾಷೆಯಲ್ಲಿ ಯೂಸರ್ ಎರರ್.

ಕತೆ ಅಲ್ಲಿಗೇ ಮುಗಿಯಲಿಲ್ಲ. ಪರಿಹಾರ ಕೊಟ್ಟ ವಿಮಾ ಕಂಪನಿಯು ಚಾರ್ಟ್ ಮಾಡಿದ ಜೆಪ್ಪೆಸನ್ ಕಂಪನಿಯ ಮೇಲೆ ಕೇಸು ಹಾಕಿತು. ಆ ಚಾರ್ಟಿನಲ್ಲಿ ಎರಡು ಚಿತ್ರಗಳಿದ್ದವು. ಒಂದು ಮೇಲಿನಿಂದ ನೋಡಿದಂತೆ, ಇನ್ನೊಂದು ಪಕ್ಕದಿಂದ. ಮೇಲಿನ ನೋಟದಲ್ಲಿ ನಿಲ್ದಾಣದ ಸುತ್ತಲಿನ 15 ಮೈಲಿ. ಪಕ್ಕದ ನೋಟದಲ್ಲಿ ಬರೀ 3 ಮೈಲಿ. ಎರಡನ್ನೂ ಒಂದೇ ಗಾತ್ರದಲ್ಲಿ ಬರೆದಿದ್ದರು. ಪಕ್ಕದ ನೋಟದಲ್ಲಿ ಇಳಿಜಾರು ಗೆರೆ ಶುರುವಾಗೋ ಜಾಗ ನೋಡಿದರೆ ಅದು 15 ಮೈಲಿ ದೂರ ಅನಿಸೋ ಹಾಗೆ. ಅಂಕಿಗಳೆಲ್ಲ ಸರಿ. ಎತ್ತರ ಸರಿ, ದೂರ ಸರಿ. ಅಕ್ಷರದಲ್ಲಿ ಬರೆದದ್ದರಲ್ಲಿ ಒಂದೂ ತಪ್ಪಿರಲಿಲ್ಲ ಅಂತ ಕೋರ್ಟೂ ಒಪ್ಪಿತು. ಒಪ್ಪಿಕೊಂಡೇ, 1981ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಆ ಚಾರ್ಟು ದೋಷವಿರುವ ಉತ್ಪನ್ನ ಅನ್ನೋ ತೀರ್ಮಾನವನ್ನು ಎತ್ತಿಹಿಡಿಯಿತು. ಪೈಲಟ್ ನೋಡೋದು ಚಿತ್ರವನ್ನು. ಅಂಕಿ ಒಂದು ಹೇಳಿ, ಚಿತ್ರ ಇನ್ನೊಂದು ಹೇಳಿದರೆ ಅದು ಮಾರಿದವನ ತಪ್ಪು ಅನ್ನೋದು ಅದರ ಸಾರ.

ಇದನ್ನು ಓದಿದಾಗ ನಿಜಕ್ಕೂ ಸಿಟ್ಟು ಬಂತು. ಎಲ್ಲ ಸರಿಯಾಗಿ ಬರೆದ ಮೇಲೂ ತಪ್ಪು ನನ್ನದೇ ಅಂದರೆ ಕೆಲಸ ಮಾಡೋದು ಹೇಗೆ? ಓದುವವರ ತಲೆಯೊಳಗೆ ಏನೇನಿದೆ ಅಂತ ನಾನು ಹೇಗೆ ಹೊಣೆ ಹೊರಲಿ? ಒಬ್ಬ ಏರ್‌ಬಸ್‌ನಿಂದ ಬರ್ತಾನೆ, ಇನ್ನೊಬ್ಬ ಬೋಯಿಂಗ್‌ನಿಂದ, ಮತ್ತೊಬ್ಬ ಜಕ್ಕೂರಿನಲ್ಲಿ ಸೆಸ್ನಾ ಕಲಿತು ನೇರ ಇಲ್ಲಿಗೆ. ಎಲ್ಲರಿಗೂ ಒಂದೇ ಅರ್ಥ ಕೊಡೋ ತ್ರಿಕೋನ ಭೂಮಿ ಮೇಲೆ ಇಲ್ಲ.

ಇಲ್ಲ ಅನ್ನೋದೇನೋ ನಿಜ. ಆದರೆ ಯಾವುದನ್ನು ಜನ ತಪ್ಪಾಗಿ ಓದ್ತಾರೆ ಅಂತ ಮೊದಲೇ ಕೇಳಿ ತಿಳಿಯೋಕೆ ಆಗತ್ತೆ. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಮೆರಿಕದ ಸಾರಿಗೆ ಇಲಾಖೆಯ ವೋಲ್ಪಿ ಕೇಂದ್ರ ಅಂತ ಒಂದಿದೆ. 2000ದ ದಶಕದಲ್ಲಿ ಅಲ್ಲಿಯ ಸಂಶೋಧಕರು ಪೈಲಟ್‌ಗಳ ಮುಂದೆ ಎಲೆಕ್ಟ್ರಾನಿಕ್ ನಕ್ಷೆಯ ಚಿಹ್ನೆಗಳನ್ನಿಟ್ಟು ಇದೇನು, ಇದೇನು ಅಂತ ಕೇಳುತ್ತಾ ಹೋದರು. ಅವರ ಪ್ರಶ್ನೆ ಎರಡು ಥರದ್ದು. ಯಾವ ಆಕಾರ ಕಂಡ ಕೂಡಲೇ ಹೆಸರು ಬಾಯಿಗೆ ಬರತ್ತೆ? ಆ ಆಕಾರಕ್ಕೆ ಸೇರಿಸಿದ ಪುಟ್ಟ ಬದಲಾವಣೆ, ಅಂದರೆ ಒಳಗೆ ಬಣ್ಣ ತುಂಬೋದು, ಸುತ್ತ ವೃತ್ತ ಹಾಕೋದು, ಇಂಥ ನಿಯಮಗಳು ಎಷ್ಟು ಅರ್ಥವಾಗತ್ತೆ?

ಈ ಎರಡನೇದು ನಮಗೆ ಹೊಸದಲ್ಲ. ಕನ್ನಡ ಅಕ್ಷರಮಾಲೆಯೇ ಹೀಗೆ. 'ದ'ಗೆ ಕೆಳಗೊಂದು ಸೀಳು ಕೊಟ್ಟರೆ 'ಧ'. 'ಪ'ಗೆ ಕೊಟ್ಟರೆ 'ಫ', 'ಡ'ಗೆ ಕೊಟ್ಟರೆ 'ಢ'. ನಿಯಮ ಒಂದೇ, ಒಮ್ಮೆ ಕಲಿತರೆ ಆಯಿತು. ಆದರೆ ಆ ಸೀಳು ಎಷ್ಟು ಚಿಕ್ಕದು ನೋಡಿ. ಬಸ್ಸಿನ ಹಳೇ ಎಲ್‌ಇಡಿ ಬೋರ್ಡುಗಳಲ್ಲಿ ಅದಕ್ಕೆ ಜಾಗವೇ ಇರಲ್ಲ, ದೀಪಗಳು ಒಂದಕ್ಕೊಂದು ಅಂಟಿಕೊಂಡು ಸೀಳು ಮುಚ್ಚಿಹೋಗತ್ತೆ. ಅಪ್ಪನ ಉಕ್ತಲೇಖನದಲ್ಲಿ 'ದನ' 'ಧನ' ಕಡ್ಡಾಯ. ಧನಲಕ್ಷ್ಮಿಯನ್ನು ದನಲಕ್ಷ್ಮಿ ಮಾಡಿದವರಿಗೆ ಒಂದಂಕ ಕಟ್. ಆದರೂ ನಾವು ಯಾರೂ ಇದರಿಂದ ಸತ್ತಿಲ್ಲ. ಯಾಕಂದರೆ ಅಕ್ಷರದ ಸುತ್ತ ಪದವಿದೆ, ಪದದ ಸುತ್ತ ವಾಕ್ಯವಿದೆ. ಕೊಟ್ಟಿಗೆಯಲ್ಲಿ ಕಟ್ಟಿರೋದು ಯಾವುದು, ಬ್ಯಾಂಕಲ್ಲಿ ಇಟ್ಟಿರೋದು ಯಾವುದು ಅಂತ ಸೀಳಿಲ್ಲದೆಯೂ ಗೊತ್ತಾಗತ್ತೆ.

ನಕ್ಷೆಯ ಚಿಹ್ನೆಗೆ ವಾಕ್ಯ ಇರಲ್ಲ. ನಾಲ್ಕು ಮೂಲೆಯ ನಕ್ಷತ್ರ ಅಂದರೆ ಫ್ಲೈ-ಬೈ ವೇಪಾಯಿಂಟ್: ಅದನ್ನು ಮುಟ್ಟುವ ಮೊದಲೇ ತಿರುಗೋಕೆ ಶುರುಮಾಡಿ, ಮೂಲೆ ಕತ್ತರಿಸಿಕೊಂಡು ಹೋಗಬಹುದು. ಅದೇ ನಕ್ಷತ್ರದ ಸುತ್ತ ವೃತ್ತವಿದ್ದರೆ ಫ್ಲೈ-ಓವರ್: ಸರಿಯಾಗಿ ಅದರ ಮೇಲೆ ಹಾದ ಮೇಲೇ ತಿರುಗಬೇಕು. ಇವೆರಡರ ನಡುವೆ ಇರೋದು ಒಂದು ಉಂಗುರ. ಬೆರಳಿಂದ ನಕ್ಷೆಯನ್ನು ಚಿಕ್ಕದು ಮಾಡಿದಾಗ ಆ ಉಂಗುರ ನಕ್ಷತ್ರಕ್ಕೆ ಅಂಟಿಕೊಂಡರೆ ನನ್ನ ಸ್ಕ್ರೀನು ದನ, ಧನ ಎರಡಕ್ಕೂ ಒಂದೇ ಅಕ್ಷರ ಬರೀತಿದೆ ಅಂತ ಅರ್ಥ.

1992ರ ಜನವರಿ 20ರಂದು ಸ್ಟ್ರಾಸ್‌ಬರ್ಗ್ ಹತ್ತಿರ ಏರ್ ಇಂಟರ್‌ನ ಎ320 ಬೆಟ್ಟಕ್ಕೆ ಬಡಿದು 87 ಮಂದಿ ಸತ್ತಾಗ, ತನಿಖೆ ಮುಂದಿಟ್ಟ ಸಾಧ್ಯತೆಗಳಲ್ಲಿ ಒಂದು ಇಂಥದ್ದೇ. 3.3 ಡಿಗ್ರಿಯಲ್ಲಿ ಇಳಿ ಅಂತ ಹೇಳೋಕೂ, ನಿಮಿಷಕ್ಕೆ 3,300 ಅಡಿ ಇಳಿ ಅಂತ ಹೇಳೋಕೂ ಒಂದೇ ಕಿಟಕಿ. ಮೊದಲನೆಯದು 3.3 ಅಂತ ಕಾಣತ್ತೆ, ಎರಡನೆಯದು 33 ಅಂತ. ನಡುವೆ ಒಂದು ಚುಕ್ಕಿ. ಆಮೇಲೆ ಏರ್‌ಬಸ್ ಎರಡನೆಯದನ್ನು ನಾಲ್ಕಂಕಿಯಲ್ಲಿ ಪೂರ್ತಿ ತೋರಿಸುವಂತೆ ಬದಲಾಯಿಸಿತು. ಚುಕ್ಕಿ ನೋಡಿ ಓದಿ ಅಂತ ಪೈಲಟ್‌ಗಳಿಗೆ ಸುತ್ತೋಲೆ ಕಳಿಸಿ ಕೈತೊಳ್ಕೊಳ್ಳಬಹುದಿತ್ತಲ್ಲ, ಹಾಗೆ ಮಾಡಲಿಲ್ಲ.

ಇನ್ನೊಂದು ಅಪಘಾತ ಹೇಳಲೇಬೇಕು, ಯಾಕಂದರೆ ಅದರಲ್ಲಿ ತಪ್ಪನ್ನು ಶೇಕಡಾ ಲೆಕ್ಕದಲ್ಲಿ ಹಂಚಿದ್ದಾರೆ. 1995ರ ಡಿಸೆಂಬರ್ 20. ಅಮೆರಿಕನ್ ಏರ್‌ಲೈನ್ಸ್ 965, ಮಿಯಾಮಿಯಿಂದ ಕೊಲಂಬಿಯಾದ ಕಾಲಿ ಊರಿಗೆ. ರಾತ್ರಿ, ಎರಡೂ ಕಡೆ ಆಂಡೀಸ್ ಬೆಟ್ಟಗಳು. ಕಂಟ್ರೋಲರ್ ಬೇರೆ ರನ್‌ವೇಗೆ ನೇರ ಬರ್ತೀರಾ ಅಂತ ಕೇಳಿದ, ತಡವಾಗಿತ್ತು, ಒಪ್ಪಿಕೊಂಡರು. ಆ ದಾರಿಯಲ್ಲಿ ರೋಸೊ ಅನ್ನುವ ಎನ್‌ಡಿಬಿ ಇತ್ತು. ಕಾಗದದ ಚಾರ್ಟಿನಲ್ಲಿ ಅದರ ಗುರುತು 'ಆರ್' ಅಂತ ಒಂದೇ ಅಕ್ಷರ. ಪೈಲಟ್ ಕಂಪ್ಯೂಟರಿಗೆ 'ಆರ್' ಹಾಕಿದರು. ಆದರೆ ಕಂಪ್ಯೂಟರಿನ ಡೇಟಾಬೇಸಿನಲ್ಲಿ ರೋಸೊ ಪೂರ್ತಿ ಹೆಸರಲ್ಲಿತ್ತು. 'ಆರ್' ಅಂದರೆ ಬೊಗೊಟಾ ಹತ್ತಿರದ ರೋಮಿಯೊ ಅನ್ನುವ ಬೇರೆ ಬೀಕನ್, ನೂರಕ್ಕೂ ಹೆಚ್ಚು ನಾಟಿಕಲ್ ಮೈಲಿ ಆಚೆ. ಪಟ್ಟಿಯಲ್ಲಿ ಮೊದಲು ಬಂದದ್ದು ಅದೇ. ವಿಮಾನ ಹೇಳಿದ ಹಾಗೆ ಎಡಕ್ಕೆ, ಬೆಟ್ಟಗಳ ಕಡೆ ತಿರುಗಿತು. ಏನೋ ಸರಿಯಿಲ್ಲ ಅಂತ ಗೊತ್ತಾಗಿ ವಾಪಸ್ ತಿರುಗಿಸುವಷ್ಟರಲ್ಲಿ ಕಣಿವೆಯಿಂದ ಆಚೆ ಬಂದಿದ್ದರು. ಎಚ್ಚರಿಕೆ ಗಂಟೆ ಹೊಡೆದಾಗ ಮೂತಿ ಎತ್ತಿದರು, ಆದರೆ ಸ್ಪೀಡ್ ಬ್ರೇಕ್ ಹೊರಗೇ ಉಳಿದಿತ್ತು. 163 ಮಂದಿಯಲ್ಲಿ ನಾಲ್ವರು ಉಳಿದರು.

2000ದಲ್ಲಿ ಅಮೆರಿಕದ ಜ್ಯೂರಿಯೊಂದು ಹೊಣೆ ಹಂಚಿತು. ವಿಮಾನ ಸಂಸ್ಥೆಗೆ ಶೇ. 75, ಡೇಟಾಬೇಸು ಮಾಡಿದ ಜೆಪ್ಪೆಸನ್‌ಗೆ ಶೇ. 17, ಕಂಪ್ಯೂಟರ್ ಮಾಡಿದ ಹನಿವೆಲ್‌ಗೆ ಶೇ. 8.

ಈ ಅಂಕಿಗಳನ್ನು ನಾನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ದುಡ್ಡು ಯಾರು ಎಷ್ಟು ಕೊಡಬೇಕು ಅಂತ ಹೇಳೋಕೆ ಇಂಥ ಲೆಕ್ಕ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಶೇ. 8 ಅನ್ನೋದು ಆ ಕಂಪನಿಯ ಕಟ್ಟಡದ ಒಳಗೆ ಹೋಗಿ ಎಲ್ಲಿ ಕೂರತ್ತೆ? ಒಂದು ಅಕ್ಷರ ಒತ್ತಿದರೆ ಪಟ್ಟಿ ಹೀಗೆ ಬರಲಿ ಅಂತ ಬರೆದವರು ಯಾರೋ ಇದ್ದಾರಲ್ಲ, ಅವರ ಊಟ ನಿದ್ದೆಯೊಳಗೆ ಎಷ್ಟು ಹೋಗತ್ತೆ? ಅವರ ಮ್ಯಾನೇಜರ್, ಟೆಸ್ಟರ್, ಸಹಿ ಹಾಕಿದವರು ಅಂತ ಭಾಗಿಸುತ್ತಾ ಬಂದರೆ ಕೊನೆಗೆ ಒಬ್ಬೊಬ್ಬರ ಪಾಲಿಗೆ ಉಳಿಯೋದು ಕಣ್ಣಿಗೆ ಕಾಣದಷ್ಟು. ಸಾವು ಹಾಗೆ ಭಾಗವಾಗಲ್ಲ. ದೊಡ್ಡ ಕಂಪನಿಯಲ್ಲಿ ಕೆಲಸ ಮಾಡೋದರ ಒಂದು ಗುಟ್ಟಾದ ಸೌಕರ್ಯ ಇದು ಅಂತ ನನಗೆ ಅನಿಸೋಕೆ ಶುರುವಾಗಿದೆ. ನಮ್ಮ ತಪ್ಪು ಬಂದು ಸೇರೋ ಹೊತ್ತಿಗೆ ಕಾಫಿ ಬಿಲ್ಲಿನ ಹಾಗೆ ಹಂಚಿಹೋಗಿರತ್ತೆ.

ನನ್ನ ಪಾಲಿನ ಒಂದು ಅಂಕಿ ಮಾತ್ರ ಹಂಚಿಹೋಗಿಲ್ಲ. ಅದು 20.

ನಕ್ಷೆಯಲ್ಲಿ ಟವರು, ಚಿಮಣಿ, ಗಾಳಿಯಂತ್ರ ಇವಕ್ಕೆಲ್ಲ ತಲೆಕೆಳಗಾದ ವಿ ಆಕಾರದ ಚಿಹ್ನೆ ಇರತ್ತೆ. ಒಂದು ಡೆಮೊ ಇತ್ತು. ಬೆಂಗಳೂರಿಂದ ಹುಬ್ಬಳ್ಳಿಗೆ ಹೋಗೋ ದಾರಿ ತೋರಿಸಬೇಕಿತ್ತು. ಹಿಂದಿನ ರಾತ್ರಿ ತೆಗೆದು ನೋಡಿದರೆ ಚಿತ್ರದುರ್ಗದ ಮೇಲೆ ಏನೂ ಕಾಣ್ತಿಲ್ಲ. ಅಲ್ಲಿಯ ಬೆಟ್ಟಸಾಲಿನ ಗಾಳಿಯಂತ್ರಗಳು ನೀವು ಹೈವೇಯಲ್ಲಿ ಹೋಗ್ತಾ ನೋಡಿರ್ತೀರಿ. ನಮ್ಮ ಟೆಸ್ಟ್ ಡೇಟಾದಲ್ಲಿ ಅವೆಲ್ಲ ಒಂದೊಂದಾಗಿ ಇದ್ದವು. ಬೆಲ್ಲದ ಮೇಲೆ ಇರುವೆ ಮುತ್ತಿದ ಹಾಗೆ. ಹಾಗಾಗಿ ಕೋಡಿನಲ್ಲಿ ಒಂದು ಸಾಲು ಸೇರಿಸಿದೆ: ಸ್ಕ್ರೀನು 20 ನಾಟಿಕಲ್ ಮೈಲಿಗಿಂತ ಹೆಚ್ಚು ತೋರಿಸುತ್ತಿದ್ದರೆ ಸಣ್ಣ ಅಡೆತಡೆಗಳನ್ನು ಬಿಟ್ಟುಬಿಡು. ಯಾಕೆ 20? ಅದಕ್ಕೆ ಹಾಕಿದಾಗ ಚೆನ್ನಾಗಿ ಕಂಡಿತು. 25 ಇಟ್ಟರೆ ಇನ್ನೂ ನಾಲ್ಕು ಇರುವೆ ಉಳೀತಿದ್ದವು. ಡೆಮೊ ಭರ್ಜರಿಯಾಗಿ ಆಯಿತು. ಆ ಸಾಲು ಹಾಗೇ ಉಳಿಯಿತು.

ಮುಚ್ಚಿಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಎಲ್ಲವನ್ನೂ ತೋರಿಸಿದಾಗ ಕ್ಯಾಪ್ಟನ್ನೇ ಬೈದಿದ್ದರು, "ಇದರಲ್ಲಿ ರನ್‌ವೇ ಹುಡುಕೋದು ಸಂತೇಲಿ ಮಗು ಹುಡುಕಿದ ಹಾಗೆ" ಅಂತ. ಕಾಗದದ ನಕ್ಷೆ ಮಾಡುವವನೂ ನೂರು ವಿಷಯ ಬಿಡ್ತಾನೆ. ಆದರೆ ಕಾಗದ ಬಿಟ್ಟದ್ದನ್ನು ಯಾವಾಗಲೂ ಬಿಟ್ಟಿರತ್ತೆ. ನಿನ್ನೆ ಇಲ್ಲದ್ದು ಇವತ್ತೂ ಇರಲ್ಲ, ಓದುವವನಿಗೆ ಅದು ರೂಢಿಯಾಗತ್ತೆ. ಸ್ಕ್ರೀನು ಹಾಗಲ್ಲ. ಎರಡು ಬೆರಳು ಹಿಗ್ಗಿಸಿದರೆ ಇರತ್ತೆ, ಕುಗ್ಗಿಸಿದರೆ ಇರಲ್ಲ. ಹಾಗಿದ್ದಾಗ ನಕ್ಷೆಯಲ್ಲಿ ಒಂದು ಜಾಗ ಖಾಲಿ ಕಂಡರೆ ಅದಕ್ಕೆ ಎರಡು ಅರ್ಥ. ಅಲ್ಲಿ ಏನೂ ಇಲ್ಲ ಅನ್ನೋದು ಒಂದು. ಅಲ್ಲಿ ಇರೋದನ್ನು ನಿನಗೆ ತೋರಿಸಿಲ್ಲ ಅನ್ನೋದು ಇನ್ನೊಂದು. ನಾವು ಎರಡಕ್ಕೂ ಒಂದೇ ಬಿಳಿ ಬಣ್ಣ ಹಚ್ಚಿದ್ದೇವೆ. ತ್ರಿಕೋನವನ್ನಾದರೂ ತಪ್ಪಾಗಿ ಓದಿದೆ ಅಂತ ಯಾರಾದರೂ ಹೇಳಬಹುದು. ಕಾಣದ ಚಿಹ್ನೆಯನ್ನು ತಪ್ಪಾಗಿ ಓದಿದವನಿಗೆ ತಾನು ಓದಿದೆ ಅಂತಲೇ ಗೊತ್ತಿರಲ್ಲ.

ಸಮುದ್ರದಲ್ಲಿ ಇದು ಆಗಿಹೋಗಿದೆ. 2014ರ ನವೆಂಬರ್ 29ರ ರಾತ್ರಿ ವೋಲ್ವೊ ಓಷನ್ ರೇಸ್‌ನ ಹಾಯಿದೋಣಿ 'ಟೀಮ್ ವೆಸ್ಟಾಸ್ ವಿಂಡ್', ಕೇಪ್‌ಟೌನ್‌ನಿಂದ ಅಬುಧಾಬಿಗೆ ಹೋಗ್ತಾ, ಮಾರಿಷಸ್‌ಗೆ ಸೇರಿದ ಕಾರ್ಗಾಡೋಸ್ ಕಾರಾಜೋಸ್ ಹವಳದ ದಿಬ್ಬಕ್ಕೆ ಪೂರ್ಣ ವೇಗದಲ್ಲಿ ಹತ್ತಿತು. ಒಂಬತ್ತೂ ಮಂದಿ ಬದುಕಿದರು, ಅದೃಷ್ಟ. ಆ ದಿಬ್ಬ ಎಲೆಕ್ಟ್ರಾನಿಕ್ ನಕ್ಷೆಯಲ್ಲಿ ಇರಲಿಲ್ಲವೇ ಅಂದರೆ, ಇತ್ತು. ಹತ್ತಿರ ತಂದು ನೋಡಿದರೆ ಕಾಣ್ತಿತ್ತು. ದೂರದಿಂದ ನೋಡಿದಾಗ ಬರೀ ನೀಲಿ ನೀರು. ಪ್ರಪಂಚದ ನುರಿತ ನಾವಿಕರು, ಹತ್ತಾರು ಕಿಲೋಮೀಟರ್ ಉದ್ದದ ಬಂಡೆಸಾಲು! ನನ್ನ 20ರಂಥದ್ದೇ ಯಾವುದೋ ಸಾಲು ಅವರ ನಕ್ಷೆಯಲ್ಲೂ ಯಾರೋ ಬರೆದಿದ್ದರು.

ಈ ಸುದ್ದಿ ಓದಿದ ಮಾರನೇ ದಿನ ನನ್ನ ಟಿಕೆಟ್ಟನ್ನು ನಾನೇ ಮತ್ತೆ ತೆರೆದೆ. ತ್ರಿಕೋನದ್ದೂ, 20ದೂ. ಪ್ರಾಡಕ್ಟ್ ಮ್ಯಾನೇಜರ್ ಕೆಟ್ಟವರಲ್ಲ, ಆದರೆ ರಿಲೀಸ್ ಹತ್ತಿರವಿತ್ತು. "ಮೂವತ್ತು ಸಾವಿರ ಅಡೀಲಿ ಹೋಗೋನಿಗೆ ಗಾಳಿಯಂತ್ರ ಯಾಕೆ ಬೇಕು?" ಅಂದರು. ನ್ಯಾಯವಾದ ಪ್ರಶ್ನೆ. ಕ್ಯಾಪ್ಟನ್ ಪಕ್ಕದಲ್ಲೇ ಇದ್ದರು. "ಅವನಿಗೆ ಬೇಡ. ಹೆಲಿಕಾಪ್ಟರ್‌ನಲ್ಲಿ ಪೇಷಂಟ್ ತರೋನಿಗೆ ಬೇಕು. ಅವನೂ ಇದೇ ಆ್ಯಪ್ ತಗೋತಾನಲ್ಲ?" ಅಂದರು. ಚರ್ಚೆ ಊಟದ ಹೊತ್ತಿನವರೆಗೂ ನಡೆಯಿತು. "ನೀನು ಟಿಕೆಟ್ ಮುಚ್ಚಿದ್ಯಲ್ಲ, ಆಗ ಸರಿ ಇದ್ದದ್ದು ಈಗ ಹೇಗೆ ತಪ್ಪಾಯ್ತು?" ಅಂತಲೂ ಕೇಳಿದರು. ಅಪ್ಪನ ಬಾಣದ ಕತೆ ಹೇಳೋಣ ಅಂದುಕೊಂಡೆ. ಮೀಟಿಂಗಿನಲ್ಲಿ ಅದೆಲ್ಲ ಹೇಳೋಕಾಗಲ್ಲ. "ಆಗ ನಾನು ಸರಿಯಾಗಿ ನೋಡಿರ್ಲಿಲ್ಲ" ಅಂದೆ.

ಸಿಕ್ಕಿದ್ದು ಅರ್ಧ. ತ್ರಿಕೋನ ಮುಂದಿನ ರಿಲೀಸಿಗೆ ಹೋಯಿತು. 20 ಅನ್ನೋ ಅಂಕಿಯನ್ನು ಪೈಲಟ್‌ಗಳ ಜೊತೆ ಕೂತು ನಿರ್ಧರಿಸೋದು ಅಂತಾಯಿತು. ಅಲ್ಲಿಯವರೆಗೆ, ಏನನ್ನಾದರೂ ಮುಚ್ಚಿಟ್ಟಾಗ ಮೂಲೆಯಲ್ಲಿ ಒಂದು ಪುಟ್ಟ ಗುರುತು ಬರಬೇಕು: ತಲೆಕೆಳಗಾದ ವಿ, ಅದರ ಮೇಲೆ ಅಡ್ಡಗೆರೆ. ಮ್ಯಾನೇಜರ್‌ದು ಒಂದೇ ತಕರಾರು. ಸದಾ ಉರಿಯೋ ದೀಪವನ್ನು ಯಾರೂ ನೋಡಲ್ಲ, ಇದನ್ನೂ ನೋಡಲ್ಲ. ಅವರು ಹೇಳೋದು ನಿಜ ಇರಬಹುದು. ನನ್ನ ಹತ್ತಿರ ಉತ್ತರ ಇಲ್ಲ.

ಹೋದ ವಾರ ಕ್ಯಾಪ್ಟನ್ ಬಂದಿದ್ದರು. ಗುರುತಿನ ಬಗ್ಗೆ ಏನೂ ಹೇಳದೆ ಟ್ಯಾಬ್ಲೆಟ್ ಕೈಗೆ ಕೊಟ್ಟೆ. ಹುಬ್ಬಳ್ಳಿ ದಾರಿ ತೆಗೆದರು, ಚಿತ್ರದುರ್ಗದ ಹತ್ತಿರ ಬಂದರು, ಕುಗ್ಗಿಸಿದರು, ಹಿಗ್ಗಿಸಿದರು, ಮತ್ತೆ ಕುಗ್ಗಿಸಿದರು. ಕನ್ನಡಕ ಹಣೆಗೇರಿಸಿ ಮೂಲೆಯನ್ನು ನೋಡಿದರು.

"ಇದೇನಮ್ಮಾ ಇದು, ಟವರ್ ಕೆಡವಿಹಾಕಿದ್ದಾರೆ ಅಂತಾನಾ?"

ಲೆಜೆಂಡ್ ಅನ್ನೋ ಪದ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು, ಅವರು ಹೇಳಿದ್ದನ್ನು ಹಾಗೇ ಬರ್ಕೊಂಡೆ.